ಕೀಲಿಮಣೆ ನಿಂತರೂ ಕಚೇರಿ ನಿಲ್ಲದಿರಲಿ: ಲ್ಯಾಪ್‌ಟಾಪ್ ಕೀಲಿಮಣೆ ಮತ್ತು ಟಚ್‌ಪ್ಯಾಡ್ ದೋಷ ಪರಿಶೀಲನೆ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ

1. ಪೀಠಿಕೆ

ಭದ್ರಾವತಿಯ ಕಾಗದನಗರಕ್ಕೆ ಆ ಹೆಸರು ಬಂದದ್ದು ಮೈಸೂರು ಕಾಗದ ಕಾರ್ಖಾನೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1936ರಲ್ಲಿ ಸ್ಥಾಪನೆಗೊಂಡ ಈ ಕಾರ್ಖಾನೆಯು ಹಲವು ದಶಕಗಳ ಕಾಲ ಬರವಣಿಗೆಯ ಹಾಗೂ ಮುದ್ರಣದ ಕಾಗದವನ್ನು ನಾಡಿಗೆ ಒದಗಿಸಿತು. ಅಲ್ಲಿ ಉತ್ಪಾದನೆ ನಿಂತು ಈಗ ಹಲವು ವರ್ಷಗಳು ಕಳೆದಿವೆ. ಅದೇ ಅವಧಿಯಲ್ಲಿ ನಮ್ಮ ಪಂಚಾಯಿತಿ ಕಚೇರಿಗಳ ಕೆಲಸವೂ ಕಾಗದದ ವಹಿಯಿಂದ ಗಣಕಯಂತ್ರದ ಪರದೆಗೆ ಸರಿದಿದೆ. ತೆರಿಗೆ ಮತ್ತು ಲೆಕ್ಕಪತ್ರಕ್ಕೆ ಪಂಚತಂತ್ರ, ಆಸ್ತಿಯ ನಮೂನೆ 9 ಮತ್ತು 11ಕ್ಕೆ ಇ-ಸ್ವತ್ತು, ಸಾರ್ವಜನಿಕರ ಅರ್ಜಿಗಳಿಗೆ ಬಾಪೂಜಿ ಸೇವಾ ಕೇಂದ್ರ, ಯೋಜನೆ ಹಾಗೂ ಪಾವತಿಗೆ ಇ-ಗ್ರಾಮ ಸ್ವರಾಜ್ ಹೀಗೆ ಪ್ರತಿಯೊಂದು ಕಾರ್ಯವೂ ಒಂದು ಕೀಲಿಮಣೆಯನ್ನು ಅವಲಂಬಿಸಿದೆ.

ವಹಿಯ ಕಾಲದಲ್ಲಿ ಲೇಖನಿಯ ಮೊನೆ ಮುರಿದರೆ ಗುಮಾಸ್ತರು ಜೇಬಿನಿಂದ ಇನ್ನೊಂದು ಲೇಖನಿ ತೆಗೆದು ಬರೆಯುತ್ತಿದ್ದರು. ಅದಕ್ಕಾಗಿ ಕಚೇರಿಯ ಬಾಗಿಲು ಹಾಕುತ್ತಿರಲಿಲ್ಲ. ಇಂದು ಲ್ಯಾಪ್‌ಟಾಪ್‌ನ ಕೀಲಿಮಣೆ ಅಥವಾ ಟಚ್‌ಪ್ಯಾಡ್ ಸ್ಪಂದಿಸದಿದ್ದರೆ, ಹತ್ತು ಕಿಲೋಮೀಟರ್ ನಡೆದೋ ಬಸ್ಸು ಹಿಡಿದೋ ಬಂದ ಅರ್ಜಿದಾರರಿಗೆ “ಸಿಸ್ಟಂ ಕೆಟ್ಟಿದೆ, ನಾಳೆ ಬನ್ನಿ” ಎಂಬ ಉತ್ತರ ದೊರೆಯುತ್ತದೆ. ಆ ‘ನಾಳೆ’ ಕೆಲವೊಮ್ಮೆ ವಾರಗಳಷ್ಟು ದೀರ್ಘವಾಗುತ್ತದೆ. ಇದು ಕೇವಲ ಅನಾನುಕೂಲದ ಮಾತಲ್ಲ. ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011, ಅಂದರೆ ‘ಸಕಾಲ’ದ ಅಡಿಯಲ್ಲಿ ಬರುವ ಸೇವೆಯು ನಿಗದಿತ ಅವಧಿಯನ್ನು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕು ನಾಗರಿಕರಿಗಿದೆ. ಕೀಲಿಮಣೆ ಕೆಟ್ಟಿತ್ತೆಂಬುದು ಅರ್ಜಿದಾರರಿಗೆ ಸಲ್ಲುವ ಉತ್ತರವಲ್ಲ.

ಈ ಪಾಠವು ಹೇಳಹೊರಟಿರುವ ಮುಖ್ಯ ಸಂಗತಿ ಒಂದೇ: ಕೀಲಿಮಣೆ ಅಥವಾ ಟಚ್‌ಪ್ಯಾಡ್ ನಿಂತಾಗ ಮೊದಲು ಸೇವೆಯನ್ನು ಮುಂದುವರಿಸಬೇಕು, ನಂತರ ಕ್ರಮವಾಗಿ ದೋಷವನ್ನು ಹುಡುಕಬೇಕು, ಕೊನೆಯಲ್ಲಿ ಮಾತ್ರ ಹಣ ಖರ್ಚು ಮಾಡಬೇಕು. ಈ ಅನುಕ್ರಮ ತಲೆಕೆಳಗಾದ ಕಡೆಗಳಲ್ಲಿ ಸಾಲಿಗೊಂದು ಹೊಸ ಲ್ಯಾಪ್‌ಟಾಪಿನ ಪ್ರಸ್ತಾವ ಸಭೆಯ ಮುಂದೆ ಬರುತ್ತದೆ.

2. ಎಲ್ಲಕ್ಕಿಂತ ಮೊದಲು ಸುರಕ್ಷತೆ

ಪರಿಶೀಲನೆ ಆರಂಭಿಸುವ ಮೊದಲು ಎರಡು ಅಪಾಯಗಳು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ.

*ಉಬ್ಬಿದ ಬ್ಯಾಟರಿ:* ಲ್ಯಾಪ್‌ಟಾಪ್‌ನೊಳಗಿನ ಲಿಥಿಯಂ ಬ್ಯಾಟರಿಯು ಹಳತಾದಾಗ, ಅತಿಯಾಗಿ ಬಿಸಿಯಾದಾಗ ಅಥವಾ ಒಳಗೆ ಹಾನಿಯಾದಾಗ ಅದರಲ್ಲಿ ಅನಿಲ ಉತ್ಪತ್ತಿಯಾಗಿ ಅದು ಉಬ್ಬುತ್ತದೆ. ಅನೇಕ ಮಾದರಿಗಳಲ್ಲಿ ಬ್ಯಾಟರಿಯು ಟಚ್‌ಪ್ಯಾಡ್‌ನ ಕೆಳಗೇ ಇರುವುದರಿಂದ ಉಬ್ಬಿದ ಬ್ಯಾಟರಿ ಅದನ್ನು ಕೆಳಗಿನಿಂದ ಒತ್ತುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಾಣುವುದು, ಒತ್ತಿದರೆ ಕ್ಲಿಕ್ ಆಗದಿರುವುದು, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುವುದು, ಮುಚ್ಚಿದಾಗ ಅಂಚಿನಲ್ಲಿ ಸಂದು ಉಳಿಯುವುದು ಇವು ಅದರ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬಾರದು. ಕೂಡಲೇ ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಕಾಗದಪತ್ರಗಳಿಲ್ಲದ, ಗಾಳಿಯಾಡುವ, ಕಲ್ಲು ಅಥವಾ ಸಿಮೆಂಟು ನೆಲದ ಸ್ಥಳದಲ್ಲಿರಿಸಿ ಅಧಿಕೃತ ಸೇವಾ ಕೇಂದ್ರಕ್ಕೆ ತಿಳಿಸಬೇಕು. ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಮರಳಿ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ. ಪಂಚಾಯಿತಿಯ ದಾಖಲೆಗಳ ಕಪಾಟಿನ ಪಕ್ಕದಲ್ಲಿ ಅಂತಹ ಯಂತ್ರವನ್ನು ಒಂದು ರಾತ್ರಿಯೂ ಇರಿಸತಕ್ಕದ್ದಲ್ಲ.

*ಚೆಲ್ಲಿದ ನೀರು, ಚಹಾ:* ದ್ರವ ಚೆಲ್ಲಿದ ಕ್ಷಣವೇ ಪವರ್ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಬೇಕು. ಉಳಿಸದ ಕೆಲಸ ಹೋಗುವುದೆಂಬ ಚಿಂತೆ ಆಗ ಬೇಡ. ಚಾರ್ಜರ್ ಹಾಗೂ ಎಲ್ಲ ಸಾಧನಗಳನ್ನು ಕಿತ್ತು, ತೆಗೆಯಬಹುದಾದ ಬ್ಯಾಟರಿಯಿದ್ದರೆ ಅದನ್ನೂ ತೆಗೆದು, ಕೀಲಿಮಣೆ ಕೆಳಮುಖವಾಗುವಂತೆ ಗುಡಾರದ ಆಕಾರದಲ್ಲಿ ಬಟ್ಟೆಯ ಮೇಲೆ ನಿಲ್ಲಿಸಬೇಕು. ಬರಿಯ ನೀರಿಗಿಂತ ಸಕ್ಕರೆ ಹಾಕಿದ ಚಹಾ, ಕಾಫಿ ಹೆಚ್ಚು ಹಾನಿಕರ. ಒಣಗಿದ ಮೇಲೂ ಅಂಟು ಉಳಿದು ಕೀಲಿಗಳನ್ನು ಹಿಡಿದುಕೊಳ್ಳುತ್ತದೆ, ಇರುವೆಗಳನ್ನೂ ಕರೆಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಒಲೆಯ ಮೇಲಿನ ಅಟ್ಟದಲ್ಲಿ, ಬಿಸಿಗಾಳಿಯ ಯಂತ್ರದಿಂದ ಅಥವಾ ಸುಡುಬಿಸಿಲಿನಲ್ಲಿ ಲ್ಯಾಪ್‌ಟಾಪ್ ಒಣಗಿಸಬಾರದು; ಅಕ್ಕಿಯೊಳಗೆ ಹುಗಿಯುವುದರಿಂದಲೂ ಪ್ರಯೋಜನವಿಲ್ಲ. ‘ಒಣಗಿತೇ ನೋಡೋಣ’ ಎಂದು ಮತ್ತೆ ಮತ್ತೆ ಚಾಲನೆ ಮಾಡುವುದರಿಂದಲೇ ಹೆಚ್ಚಿನ ಯಂತ್ರಗಳು ಪೂರ್ಣ ಹಾಳಾಗುತ್ತವೆ. ತಂತ್ರಜ್ಞರು ತೆರೆದು ಸ್ವಚ್ಛಗೊಳಿಸುವವರೆಗೆ ಅದನ್ನು ಚಾಲನೆ ಮಾಡದಿರುವುದೇ ಕ್ಷೇಮ.

3. ಈ ಎರಡು ಸಾಧನಗಳು ಕೆಲಸ ಮಾಡುವ ಬಗೆ

ದೋಷ ಎಲ್ಲಿದೆಯೆಂದು ಊಹಿಸಲು ಸಾಧನದ ರಚನೆಯ ಸ್ವಲ್ಪ ಪರಿಚಯ ಸಾಕು.

ಕೀಲಿಗಳ ಕೆಳಗೆ ಅಡ್ಡ ಹಾಗೂ ಲಂಬ ವಾಹಕ ರೇಖೆಗಳ ತೆಳುವಾದ ಹಾಳೆಗಳಿರುತ್ತವೆ. ಕೀಲಿ ಒತ್ತಿದಾಗ ಒಂದು ಅಡ್ಡರೇಖೆಯೂ ಒಂದು ಲಂಬರೇಖೆಯೂ ಕೂಡುತ್ತವೆ. ಆ ಸಂಧಿಯನ್ನು ಗುರುತಿಸಿ ಯಂತ್ರವು ಯಾವ ಕೀಲಿಯೆಂದು ತಿಳಿಯುತ್ತದೆ. ಆದ್ದರಿಂದ ಒಂದೇ ಕೀಲಿ ಸತ್ತಿದ್ದರೆ ಸಾಮಾನ್ಯವಾಗಿ ಅದರ ಕೆಳಗೆ ಧೂಳು, ಅಂಟು ಅಥವಾ ಸವೆತ ಇರುತ್ತದೆ. ಒಮ್ಮೆಲೇ ಒಂದು ಗುಂಪಿನ ಕೀಲಿಗಳು ಸತ್ತಿದ್ದರೆ ಅವೆಲ್ಲವನ್ನೂ ಜೋಡಿಸುವ ಒಂದು ರೇಖೆ ಕಡಿದಿರುವ ಸಾಧ್ಯತೆ ಹೆಚ್ಚು. ಎಲ್ಲ ಕೀಲಿಗಳೂ ಸತ್ತಿದ್ದರೆ ಕೀಲಿಮಣೆಯನ್ನು ಮುಖ್ಯ ಫಲಕಕ್ಕೆ ಸೇರಿಸುವ ಚಪ್ಪಟೆ ರಿಬ್ಬನ್ ಕೇಬಲ್ ಸಡಿಲಗೊಂಡಿರಬಹುದು, ಇಲ್ಲವೇ ತಂತ್ರಾಂಶ ಸ್ಥಗಿತಗೊಂಡಿರಬಹುದು.

ಟಚ್‌ಪ್ಯಾಡ್ ಒತ್ತಡವನ್ನು ಅಳೆಯುವುದಿಲ್ಲ. ಅದರ ಮೇಲ್ಮೈಯ ಕೆಳಗಿನ ವಿದ್ಯುತ್ ಜಾಲದಲ್ಲಿ ಬೆರಳು ಹತ್ತಿರ ಬಂದಾಗ ಉಂಟಾಗುವ ಅತಿ ಸಣ್ಣ ಬದಲಾವಣೆಯನ್ನು ಅದು ಗ್ರಹಿಸುತ್ತದೆ. ಈ ಕಾರಣದಿಂದಲೇ ಒದ್ದೆ ಬೆರಳು, ಮೇಲ್ಮೈಯ ಮೇಲಿನ ನೀರಹನಿ, ಹೆಬ್ಬೆಟ್ಟಿನ ಶಾಯಿ, ಎಣ್ಣೆಯ ಪಸೆ ಇವು ಅದನ್ನು ದಾರಿ ತಪ್ಪಿಸುತ್ತವೆ. ಗೋಡೆಯ ವಿದ್ಯುತ್ ಬಿಂದುವಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೂ, ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದರೂ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಜಿಗಿಯುವುದುಂಟು.

4. ಪರಿಶೀಲನೆಯ ಹಂತಗಳು

ಈ ಹಂತಗಳನ್ನು ಗಣಕಯಂತ್ರ ನಿರ್ವಾಹಕರು ಅಥವಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ನಿರ್ವಹಿಸಬೇಕು. ಸದಸ್ಯರು ಕ್ರಮವನ್ನು ಅರಿತಿದ್ದು, ಅದು ನಡೆದಿದೆಯೇ ಎಂದು ಕೇಳಬೇಕು. ಸರಳವಾದುದು, ಖರ್ಚಿಲ್ಲದುದು ಮೊದಲು ಬರುವಂತೆ ಈ ಕ್ರಮವನ್ನು ಜೋಡಿಸಲಾಗಿದೆ.

*ಹಂತ 1: ನೋಡಿ ಗುರುತಿಸುವುದು.* ಸತ್ತಿರುವುದು ಕೀಲಿಮಣೆಯೋ, ಟಚ್‌ಪ್ಯಾಡೋ, ಎರಡೂ ಒಟ್ಟಿಗೋ? ಪರದೆಯ ಮೂಲೆಯ ಗಡಿಯಾರ ಮುಂದೆ ಸಾಗುತ್ತಿದೆಯೇ? ಕ್ಯಾಪ್ಸ್ ಲಾಕ್ ಕೀಲಿಗೆ ದೀಪವಿದ್ದರೆ, ಒತ್ತಿದಾಗ ಅದು ಹತ್ತಿ ಆರುತ್ತಿದೆಯೇ? ದೀಪ ಬದಲಾಗುತ್ತಿದ್ದರೆ ಯಂತ್ರವೂ ಕೀಲಿಮಣೆಯೂ ಜೀವಂತವಾಗಿವೆ. ತೊಂದರೆ ತೆರೆದಿರುವ ತಂತ್ರಾಂಶದಲ್ಲಿ ಅಥವಾ ಜಾಲತಾಣದ ಪುಟದಲ್ಲಿದೆ. ಗಡಿಯಾರವೂ ನಿಂತಿದ್ದರೆ ಇಡೀ ಯಂತ್ರ ಸ್ತಂಭಿಸಿದೆ. ಕೀಲಿಮಣೆಯನ್ನು ದೂರುವುದು ವ್ಯರ್ಥ. ಐದು ನಿಮಿಷ ಕಾದು ನೋಡುವುದು ಯುಕ್ತ.

*ಹಂತ 2: ಎರಡನೆಯ ಲೇಖನಿಯನ್ನು ತೆಗೆಯುವುದು.* ಯುಎಸ್‌ಬಿ ಕೀಲಿಮಣೆ ಮತ್ತು ಮೌಸನ್ನು ಜೋಡಿಸಬೇಕು. ಅವು ಕೆಲಸ ಮಾಡಿದರೆ ಎರಡು ಲಾಭಗಳುಂಟು: ಸರದಿಯಲ್ಲಿರುವ ಅರ್ಜಿದಾರರ ಕೆಲಸ ಕೂಡಲೇ ಮುಂದುವರಿಯುತ್ತದೆ, ಯಂತ್ರದ ಮುಖ್ಯ ಭಾಗಗಳು ಸುಸ್ಥಿತಿಯಲ್ಲಿವೆಯೆಂದೂ ತಿಳಿಯುತ್ತದೆ. ಹೊರಗಿನ ಕೀಲಿಮಣೆ ಇಲ್ಲದಿದ್ದರೆ ಮೌಸ್ ಒಂದರಿಂದಲೇ ಪರದೆಯ ಮೇಲಿನ ಕೀಲಿಮಣೆಯನ್ನು ಬಳಸಬಹುದು. ವಿಂಡೋಸ್‌ನ ಲಾಗಿನ್ ಪರದೆಯ ಬಲಭಾಗದ ಕೆಳಮೂಲೆಯಲ್ಲಿರುವ ಸುಲಭಬಳಕೆಯ ಚಿಹ್ನೆಯನ್ನು ಒತ್ತಿದರೆ ಅದು ದೊರೆಯುತ್ತದೆ. ಗುಪ್ತಪದವನ್ನೂ ಅದರಲ್ಲೇ ನಮೂದಿಸಬಹುದು. ಆದರೆ ಗುಪ್ತಪದ ಒತ್ತುವಾಗ ಅಕ್ಷರಗಳು ಎಲ್ಲರಿಗೂ ಕಾಣುವುದರಿಂದ ಸುತ್ತ ಜನರಿರದಂತೆ ನೋಡಿಕೊಳ್ಳಬೇಕು.

*ಹಂತ 3: ಮರುಚಾಲನೆ.* ಕೆಲಸ ಉಳಿಸಿ ‘ರೀಸ್ಟಾರ್ಟ್’ ಮಾಡಬೇಕು. ‘ಶಟ್ ಡೌನ್’ ಮಾಡಿ ಮತ್ತೆ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ವಿಂಡೋಸ್ 10 ಮತ್ತು 11ರಲ್ಲಿ ಬೇಗ ಚಾಲನೆಗೊಳ್ಳಲೆಂದು ಶಟ್ ಡೌನ್ ವೇಳೆ ವ್ಯವಸ್ಥೆಯ ಸ್ಥಿತಿಯ ಒಂದು ಭಾಗವನ್ನು ಹಾಗೆಯೇ ಕಾದಿರಿಸುವ ಏರ್ಪಾಡು ಇರುತ್ತದೆ. ಸಿಕ್ಕಿಕೊಂಡ ದೋಷವೂ ಅದರೊಂದಿಗೆ ಮರಳಬಹುದು. ರೀಸ್ಟಾರ್ಟ್ ಹೊಸದಾಗಿ ಆರಂಭಿಸುತ್ತದೆ. ಯಾವುದೂ ಸ್ಪಂದಿಸದಿದ್ದರೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿಹಿಡಿದು ಆರಿಸಬೇಕು.

*ಹಂತ 4: ಉಳಿದ ವಿದ್ಯುತ್ತನ್ನು ಬರಿದು ಮಾಡುವುದು.* ಯಂತ್ರ ಆರಿಸಿ, ಚಾರ್ಜರ್, ಮೌಸ್, ಬೆರಳಚ್ಚು ಸಾಧನ, ಮುದ್ರಣಯಂತ್ರದ ತಂತಿ ಎಲ್ಲವನ್ನೂ ಕೀಳಬೇಕು. ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆಯಬೇಕು. ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿಹಿಡಿದು ಬಿಟ್ಟು, ಚಾರ್ಜರ್ ಮಾತ್ರ ಜೋಡಿಸಿ ಚಾಲನೆ ಮಾಡಬೇಕು. ಕೀಲಿಮಣೆಯನ್ನು ನಿಯಂತ್ರಿಸುವ ಒಳಗಿನ ಸಣ್ಣ ನಿಯಂತ್ರಕ ಹೀಗೆ ಹೊಸದಾಗಿ ಆರಂಭಗೊಳ್ಳುತ್ತದೆ. ವಿದ್ಯುತ್ ಏರಿಳಿತದ ನಂತರ ಕೀಲಿಮಣೆ, ಟಚ್‌ಪ್ಯಾಡ್ ಎರಡೂ ಒಟ್ಟಿಗೆ ನಿಂತ ಸಂದರ್ಭಗಳಲ್ಲಿ ಈ ಹಂತವು ಅನೇಕ ವೇಳೆ ಫಲ ನೀಡುತ್ತದೆ.

*ಹಂತ 5: ಯಾರೋ ತಿಳಿಯದೆ ಒತ್ತಿದ ಕೀಲಿಗಳು.* ಕೆಟ್ಟಿತೆಂದು ಭಾವಿಸಿದ ಸಾಧನ ಎಷ್ಟೋ ಸಲ ಕೇವಲ ಆರಿಸಲ್ಪಟ್ಟಿರುತ್ತದೆ.

ಕೀಲಿಮಣೆಯ ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಕೀಲಿಯೊಂದು ಹಲವು ಮಾದರಿಗಳಲ್ಲಿರುತ್ತದೆ. ಅದನ್ನು ನೇರವಾಗಿ ಅಥವಾ ಎಫ್‌ಎನ್ ಕೀಲಿಯೊಂದಿಗೆ ಒತ್ತಿದರೆ ಟಚ್‌ಪ್ಯಾಡ್ ಆರುತ್ತದೆ. ಮತ್ತೊಮ್ಮೆ ಒತ್ತಿದರೆ ಹತ್ತುತ್ತದೆ. ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ವಿಭಾಗದಲ್ಲೂ ಇದನ್ನು ನೋಡಬಹುದು. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಆರಬೇಕೆಂಬ ಆಯ್ಕೆಯೂ ಅಲ್ಲಿದೆ. ತಂತಿರಹಿತ ಮೌಸಿನ ಬೆರಳುಗುರಿನಷ್ಟು ಚಿಕ್ಕ ಗ್ರಾಹಕ ಯಂತ್ರದಲ್ಲೇ ಉಳಿದು, ಮೌಸ್ ಮಾತ್ರ ಮೇಜಿನ ಡ್ರಾಯರಿನಲ್ಲಿದ್ದರೆ ಯಂತ್ರವು ಮೌಸ್ ಇದೆಯೆಂದೇ ತಿಳಿದು ಟಚ್‌ಪ್ಯಾಡನ್ನು ಆರಿಸಿರುತ್ತದೆ.

ಬಲಭಾಗದ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿಹಿಡಿದರೆ ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯದ ಸೂಚನೆ ಬರುತ್ತದೆ. ಓದದೆ ಒಪ್ಪಿಬಿಟ್ಟರೆ ಕ್ಷಣಮಾತ್ರದ ಒತ್ತುವಿಕೆಗಳನ್ನು ಯಂತ್ರ ಲೆಕ್ಕಿಸುವುದಿಲ್ಲ. ಕೀಲಿಮಣೆ ಸತ್ತಂತೆಯೇ ತೋರುತ್ತದೆ. ಶಿಫ್ಟ್ ಕೀಲಿಯನ್ನು ಸತತ ಐದು ಬಾರಿ ಒತ್ತಿದರೆ ‘ಸ್ಟಿಕಿ ಕೀಸ್’ ಕುರಿತು ಇಂತಹದೇ ಸೂಚನೆ ಬರುತ್ತದೆ. ಸೆಟ್ಟಿಂಗ್ಸ್‌ನ ಸುಲಭಬಳಕೆ ವಿಭಾಗದಲ್ಲಿ, ಕೀಲಿಮಣೆ ಎಂಬಲ್ಲಿ ಈ ಎರಡನ್ನೂ ಆರಿಸಬೇಕು.

*ಹಂತ 6: ವಿಂಡೋಸ್‌ನ ಹೊರಗೆ ಪರೀಕ್ಷೆ.* ದೋಷ ತಂತ್ರಾಂಶದ್ದೋ ಯಂತ್ರಭಾಗದ್ದೋ ಎಂಬುದನ್ನು ತೀರ್ಮಾನಿಸುವ ಪರೀಕ್ಷೆ ಇದು. ಯಂತ್ರ ಚಾಲನೆಗೊಳ್ಳುವ ಮೊದಲ ಕ್ಷಣಗಳಲ್ಲಿ ತಯಾರಕರ ಸೂಚನೆಯಂತೆ ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್ ಕೀಲಿ ಒತ್ತಿದರೆ ಬಯೋಸ್ ಎಂಬ ಮೂಲ ವ್ಯವಸ್ಥೆಯ ಪರದೆ ತೆರೆಯುತ್ತದೆ. ಅಲ್ಲಿ ಲ್ಯಾಪ್‌ಟಾಪ್‌ನದೇ ಬಾಣದ ಕೀಲಿಗಳು ಕೆಲಸ ಮಾಡಿದರೆ ಕೀಲಿಮಣೆ ಸರಿಯಾಗಿದೆ, ದೋಷ ವಿಂಡೋಸ್‌ನಲ್ಲಿದೆ. ಹೊರಗಿನ ಕೀಲಿಮಣೆಗೆ ಮಾತ್ರ ಸ್ಪಂದಿಸಿದರೆ ದೋಷ ಯಂತ್ರಭಾಗದ್ದು. ಅಲ್ಲಿರುವ ಯಾವ ಆಯ್ಕೆಯನ್ನೂ ಬದಲಾಯಿಸದೆ, ಉಳಿಸದೆ ಹೊರಬರಬೇಕು.

*ಹಂತ 7: ಚಾಲಕ ತಂತ್ರಾಂಶ.* ಆರನೆಯ ಹಂತದಲ್ಲಿ ಕೀಲಿಮಣೆ ಸರಿಯೆಂದು ಕಂಡರೆ ಮಾತ್ರ, ಹೊರಗಿನ ಮೌಸ್ ಜೋಡಿಸಿಕೊಂಡು ಡಿವೈಸ್ ಮ್ಯಾನೇಜರ್ ತೆರೆದು, ಕೀಲಿಮಣೆಯ ನಮೂದನ್ನು ಅನ್‌ಇನ್‌ಸ್ಟಾಲ್ ಮಾಡಿ ಮರುಚಾಲನೆ ಮಾಡಬೇಕು. ವಿಂಡೋಸ್ ಅದನ್ನು ತಾನೇ ಮರಳಿ ಸ್ಥಾಪಿಸುತ್ತದೆ. ಟಚ್‌ಪ್ಯಾಡ್‌ಗೆ ತಯಾರಕರ ಅಧಿಕೃತ ಜಾಲತಾಣದ ಚಾಲಕವನ್ನೇ ಬಳಸಬೇಕು. ‘ಉಚಿತ ಡ್ರೈವರ್’ ಎಂದು ಜಾಹೀರಾತು ನೀಡುವ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬಾರದು. ಸರ್ಕಾರದ ಲಾಗಿನ್‌ಗಳಿರುವ ಯಂತ್ರಕ್ಕೆ ಅದು ಕಳ್ಳದಾರಿ.

*ಹಂತ 8: ತಂತ್ರಜ್ಞರಿಗೆ ಒಪ್ಪಿಸುವುದು.* ಇಷ್ಟಾದರೂ ಸರಿಹೋಗದಿದ್ದರೆ ಉಳಿದಿರುವುದು ರಿಬ್ಬನ್ ಕೇಬಲ್, ಕೀಲಿಮಣೆಯ ಬದಲಾವಣೆ ಅಥವಾ ಮುಖ್ಯ ಫಲಕದ ದುರಸ್ತಿ. ಖಾತರಿ ಅವಧಿಯಿರುವ ಯಂತ್ರವನ್ನು ಅಧಿಕೃತ ಸೇವಾ ಕೇಂದ್ರದ ಹೊರತು ಬೇರೆಡೆ ತೆರೆಸಬಾರದು.

5. ಒಂದು ಕೀಲಿ ಸತ್ತರೆ ಕನ್ನಡಕ್ಕೆ ಆಗುವ ಹಾನಿ

ಇಡೀ ಕೀಲಿಮಣೆ ನಿಂತರೆ ಎಲ್ಲರಿಗೂ ತಿಳಿಯುತ್ತದೆ. ಒಂದೇ ಕೀಲಿ ಆಗಾಗ ಕೈಕೊಟ್ಟರೆ ತಿಳಿಯುವುದಿಲ್ಲ. ಹೆಚ್ಚು ಹಾನಿ ಆಗುವುದು ಅಲ್ಲಿಯೇ.

ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದೆ. ಈ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸಲು ಇಂಗ್ಲಿಷಿನ ಎಫ್ ಕೀಲಿಯನ್ನು ಬಳಸಬೇಕು. ಮಹಾಪ್ರಾಣ, ದೀರ್ಘಸ್ವರ ಮತ್ತು ಣ, ಳ ಮುಂತಾದ ಅಕ್ಷರಗಳಿಗೆ ಶಿಫ್ಟ್ ಕೀಲಿ ಬೇಕು. ಆದ್ದರಿಂದ ಎಫ್ ಕೀಲಿ ಒತ್ತಲ್ಪಡದಿದ್ದರೆ ‘ರಾಮಪ್ಪ’ ಎಂಬುದು ‘ರಾಮಪಪ’ ಆಗುತ್ತದೆ, ‘ಶಿವಮೊಗ್ಗ’ ಎಂಬುದು ‘ಶಿವಮೊಗಗ’ ಆಗುತ್ತದೆ. ಶಿಫ್ಟ್ ಕೀಲಿ ಕೈಕೊಟ್ಟರೆ ‘ತೀರ್ಥಹಳ್ಳಿ’ಯು ‘ತಿರ್ತಹಲ್ಲಿ’ಯಾಗುತ್ತದೆ, ಹಳ್ಳಿ ಹೋಗಿ ಹಲ್ಲಿ ಬರುತ್ತದೆ.

ಓದುವಾಗ ನಗು ಬರಬಹುದು. ಆದರೆ ಇದೇ ತಪ್ಪು ಆಸ್ತಿಯ ನಮೂನೆಯಲ್ಲಿ ಮಾಲೀಕರ ಹೆಸರಿಗೆ ಅಂಟಿಕೊಂಡರೆ ಬ್ಯಾಂಕಿನವರು ಸಾಲದ ಅರ್ಜಿಯನ್ನು ಹಿಂದಿರುಗಿಸುತ್ತಾರೆ, ನೋಂದಣಿಯ ವೇಳೆ ಗುರುತಿನ ದಾಖಲೆಯೊಂದಿಗೆ ಹೆಸರು ತಾಳೆಯಾಗುವುದಿಲ್ಲ. ಆ ಕುಟುಂಬವು ತಿದ್ದುಪಡಿಗಾಗಿ ಮತ್ತೆ ಅರ್ಜಿ ಹಾಕಿ ಅಲೆಯಬೇಕಾಗುತ್ತದೆ. ಆದ್ದರಿಂದ ದಿನದ ಕೆಲಸ ಆರಂಭಿಸುವ ಮೊದಲು ನಿರ್ವಾಹಕರು ಒಂದು ಖಾಲಿ ಪುಟದಲ್ಲಿ ‘ಭದ್ರಾವತಿ, ತೀರ್ಥಹಳ್ಳಿ, ಶಿವಮೊಗ್ಗ, ಹೊಸನಗರ, ಸೊರಬ, ಸಾಗರ, ಶಿಕಾರಿಪುರ’ ಎಂದು ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಬೆರಳಚ್ಚಿಸಿ ನೋಡುವುದು ಉಪಯುಕ್ತ. ಒತ್ತು, ದೀರ್ಘ, ಮಹಾಪ್ರಾಣ ಮೂರೂ ಅದರಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ತಪ್ಪು ಕಂಡಲ್ಲಿ ಎರಡೂ ಬದಿಯ ಶಿಫ್ಟ್ ಕೀಲಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಎಡದ್ದು ಸತ್ತಿದ್ದರೂ ಬಲದ್ದು ಬದುಕಿರಬಹುದು. ಕನ್ನಡದ ಬದಲು ಇಂಗ್ಲಿಷ್ ಮೂಡುತ್ತಿದ್ದರೆ ಅದು ಕೀಲಿಮಣೆಯ ದೋಷವಲ್ಲ, ಭಾಷೆಯ ಆಯ್ಕೆ ಬದಲಾಗಿದೆಯಷ್ಟೇ.

6. ದುರಸ್ತಿಗೆ ಕಳುಹಿಸುವ ಮುನ್ನ

ಲ್ಯಾಪ್‌ಟಾಪನ್ನು ಅಂಗಡಿಗೆ ಕಳುಹಿಸುವುದೆಂದರೆ ಕಚೇರಿಯ ಕಪಾಟನ್ನೇ ಬೀಗ ಹಾಕದೆ ಕಳುಹಿಸಿದಂತೆ. ಅದರಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆಯ ವಿವರಗಳು, ಆಸ್ತಿಯ ದಾಖಲೆಗಳಿರಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಡಿಜಿಟಲ್ ಸಹಿಯ ಡಾಂಗಲ್. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 42ನೆಯ ಪ್ರಕರಣದಂತೆ ಸಹಿಯ ಖಾಸಗಿ ಕೀಲಿಯನ್ನು ತಮ್ಮ ನಿಯಂತ್ರಣದಲ್ಲಿ ಇರಿಸಿಕೊಳ್ಳಲು ಯುಕ್ತ ಎಚ್ಚರ ವಹಿಸುವುದು ಸಹಿಯ ಹಕ್ಕುದಾರರ ಕರ್ತವ್ಯ. ಅದು ಅನ್ಯರ ಕೈಸೇರಿದ್ದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕು. ಯಂತ್ರದೊಂದಿಗೆ ಡಾಂಗಲ್ ಹೋದರೆ, ಅದರ ಪಿನ್ ಅನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರೆ, ಪಂಚಾಯಿತಿಯ ಹಣಕ್ಕೆ ಸಹಿ ಹಾಕುವ ಅಧಿಕಾರವನ್ನೇ ಹೊರಗಿನವರ ಕೈಗಿತ್ತಂತೆ.

ಆದ್ದರಿಂದ ಹೊರಗಿನ ಕೀಲಿಮಣೆ ಮತ್ತು ಮೌಸಿನ ನೆರವಿನಿಂದ ಕಡತಗಳ ಪ್ರತಿಯನ್ನು ಕಚೇರಿಯ ಬೇರೊಂದು ಸಾಧನಕ್ಕೆ ತೆಗೆದಿರಿಸಬೇಕು. ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳನ್ನು ಅಳಿಸಬೇಕು. ಡಾಂಗಲ್, ಬೆರಳಚ್ಚು ಸಾಧನ, ಪೆನ್‌ಡ್ರೈವ್‌ಗಳನ್ನು ತೆಗೆದಿರಿಸಬೇಕು. ಯಂತ್ರದ ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯೊಂದಿಗೆ ತಾಳೆ ನೋಡಿ, ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಹಿಂಪಡೆಯಬೇಕು. ಕೀಲಿಮಣೆ ಬದಲಾಯಿಸಲು ಯಾವ ಗುಪ್ತಪದವೂ ಬೇಕಿಲ್ಲ. ದುರಸ್ತಿ ಮಾಡುವವರು ಕೇಳಿದರೂ ಕೊಡತಕ್ಕದ್ದಲ್ಲ.

ದುರಸ್ತಿಗೆ ಬಾರದ ಯಂತ್ರ ಹಾಗೂ ಬ್ಯಾಟರಿಯನ್ನು ಗುಜರಿಗೆ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅನುಸಾರ ಯಂತ್ರವು ನೋಂದಾಯಿತ ವ್ಯವಸ್ಥೆಯ ಮೂಲಕವೇ ವಿಲೇವಾರಿಯಾಗಬೇಕು. ಅದಕ್ಕೂ ಮೊದಲು ಅದರೊಳಗಿನ ದತ್ತಾಂಶವನ್ನು ಸಂಪೂರ್ಣವಾಗಿ ಅಳಿಸಿರಬೇಕು.

7. ಮಲೆನಾಡಿನ ಕಚೇರಿಗೆ ಕೆಲವು ಎಚ್ಚರಗಳು

ಆಗುಂಬೆಯಂತಹ ಊರಿರುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ, ಕಡತಗಳಿಗೆ ಬೂಷ್ಟು ಹಿಡಿಯುವ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ಕೂಡ ತೇವ ಕುಡಿಯುತ್ತದೆ. ದಿನಗಟ್ಟಲೆ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ಪ್ರತಿದಿನ ಸ್ವಲ್ಪ ಹೊತ್ತು ಚಾಲನೆಯಲ್ಲಿರಿಸುವುದು ಉತ್ತಮ. ಸೋರುವ ಹೆಂಚಿನ ಕೆಳಗೆ, ಕಿಟಕಿಯ ಇರಚಲು ಬೀಳುವ ಮೇಜಿನ ಮೇಲೆ ಇರಿಸಬಾರದು. ಗುಡುಗು ಮಳೆಯ ವೇಳೆ ಚಾರ್ಜರನ್ನು ಗೋಡೆಯಿಂದಲೇ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡಬೇಕು.

ಹೆಬ್ಬೆಟ್ಟಿನ ಶಾಯಿ, ಎಲೆ-ಅಡಿಕೆಯ ತಟ್ಟೆ, ಚಹಾದ ಲೋಟ ಈ ಮೂರಕ್ಕೂ ಬೇರೆ ಮೇಜು ಇರಲಿ. ವಾರಕ್ಕೊಮ್ಮೆ ಯಂತ್ರವನ್ನು ಆರಿಸಿ, ಓರೆಯಾಗಿ ಹಿಡಿದು, ಮೃದುವಾದ ಕುಂಚದಿಂದ ಕೀಲಿಗಳ ನಡುವಿನ ಧೂಳು ತೆಗೆಯಬೇಕು. ಒದ್ದೆ ಬಟ್ಟೆಯನ್ನು ನೇರವಾಗಿ ಉಜ್ಜಬಾರದು. ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು.

8. ಅಭ್ಯಾಸ

ಕೆಳಗಿನ ಮೂರು ಕಲ್ಪಿತ ಸನ್ನಿವೇಶಗಳನ್ನು ಸಭೆಯಲ್ಲಿ ಓದಿ, ಉತ್ತರ ನೋಡುವ ಮೊದಲು ಚರ್ಚಿಸಬಹುದು.

*ಒಂದನೆಯದು:* ಬೆಳಿಗ್ಗೆಯಿಂದ ಟಚ್‌ಪ್ಯಾಡ್ ಕೆಲಸ ಮಾಡುತ್ತಿಲ್ಲ, ಕೀಲಿಮಣೆ ಸರಿಯಿದೆ. ನಿನ್ನೆ ಸಂಜೆ ಲೆಕ್ಕಪರಿಶೋಧನೆಯ ಕೆಲಸಕ್ಕೆ ತಂತಿರಹಿತ ಮೌಸ್ ಬಳಸಲಾಗಿತ್ತು.
ಉತ್ತರ: ಮೌಸಿನ ಗ್ರಾಹಕ ಯಂತ್ರದಲ್ಲೇ ಉಳಿದಿದೆಯೇ ನೋಡಿ ತೆಗೆಯುವುದು, ನಂತರ ಟಚ್‌ಪ್ಯಾಡ್ ಚಿತ್ರದ ಕೀಲಿ ಒತ್ತಿ ನೋಡುವುದು. ಖರ್ಚು ಇಲ್ಲ.

*ಎರಡನೆಯದು:* ಚಾರ್ಜರ್ ಹಾಕಿದಾಗ ಮಾತ್ರ ಬಾಣದ ಗುರುತು ಹುಚ್ಚೆದ್ದಂತೆ ಓಡುತ್ತದೆ, ತೆಗೆದರೆ ಸರಿಹೋಗುತ್ತದೆ.
ಉತ್ತರ: ಹೊಸ ಟಚ್‌ಪ್ಯಾಡ್ ಬೇಕಿಲ್ಲ. ಕಚೇರಿಯ ವಿದ್ಯುತ್ ಬಿಂದುವಿನ ಅರ್ಥಿಂಗನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಬೇಕು. ಚಾರ್ಜರನ್ನೂ ಬದಲಿಸಿ ನೋಡಬೇಕು. ಅರ್ಥಿಂಗ್ ಇಲ್ಲದಿರುವುದು ಸಿಬ್ಬಂದಿಯ ಪ್ರಾಣಕ್ಕೂ ಅಪಾಯ.

*ಮೂರನೆಯದು:* ನಾಲ್ಕೈದು ವರ್ಷ ಹಳೆಯ ಯಂತ್ರ. ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ. ಅದರ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿದೆ.
ಉತ್ತರ: ಬ್ಯಾಟರಿ ಉಬ್ಬಿರುವ ಶಂಕೆ. ಪರೀಕ್ಷೆಗಳನ್ನು ಕೈಬಿಟ್ಟು ಎರಡನೆಯ ಭಾಗದ ಸೂಚನೆಯಂತೆ ನಡೆಯಬೇಕು.

9. ಸದಸ್ಯರು ಸಭೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಸದಸ್ಯರು ಯಂತ್ರ ಬಿಚ್ಚುವವರಾಗಬೇಕಿಲ್ಲ; ಲಾಗಿನ್ ಅಥವಾ ಗುಪ್ತಪದವನ್ನು ಕೇಳುವುದೂ ಸಲ್ಲದು. ಸರಿಯಾದ ಪ್ರಶ್ನೆ ಕೇಳುವುದು ಮತ್ತು ಸಣ್ಣ ಸಿದ್ಧತೆಗೆ ಅನುಮೋದನೆ ನೀಡುವುದು ಅವರ ಪಾತ್ರ.

ಅ) ಕಚೇರಿಯಲ್ಲಿ ಒಂದು ಯುಎಸ್‌ಬಿ ಕೀಲಿಮಣೆ ಹಾಗೂ ತಂತಿಯುಳ್ಳ ಒಂದು ಮೌಸ್ ಸದಾ ಮೀಸಲಾಗಿರುವಂತೆ ನಿಯಮಾನುಸಾರ ಖರೀದಿಗೆ ಅನುಮೋದನೆ ನೀಡುವುದು. ಇವೆರಡೂ ಕೆಲವು ನೂರು ರೂಪಾಯಿಗಳ ವಸ್ತುಗಳು. ಹೊಸ ಲ್ಯಾಪ್‌ಟಾಪ್ ಹತ್ತಾರು ಸಾವಿರದ್ದು.

ಆ) ಗಣಕಯಂತ್ರ ದೋಷ ವಹಿಯನ್ನು ನಿರ್ವಹಿಸುವುದು. ದಿನಾಂಕ, ಸಮಯ, ಕಂಡ ಲಕ್ಷಣ, ಕೈಗೊಂಡ ಹಂತಗಳ ಸಂಖ್ಯೆ, ಫಲಿತಾಂಶ, ಸೇವೆ ಎಷ್ಟು ಹೊತ್ತು ನಿಂತಿತು, ಎಷ್ಟು ಅರ್ಜಿದಾರರು ಹಿಂದಿರುಗಿದರು ಎಂಬ ಅಂಕಣಗಳು ಅದರಲ್ಲಿರಲಿ. ಕೊನೆಯ ಅಂಕಣ ಬಹು ಮುಖ್ಯ. ದೋಷದ ನಿಜವಾದ ಬೆಲೆ ಅಲ್ಲಿ ಕಾಣುತ್ತದೆ.

ಇ) ಹೊಸ ಲ್ಯಾಪ್‌ಟಾಪ್ ಅಥವಾ ದೊಡ್ಡ ದುರಸ್ತಿಯ ಪ್ರಸ್ತಾವ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು: ಹೊರಗಿನ ಕೀಲಿಮಣೆಯಿಂದ ಯಂತ್ರ ಕೆಲಸ ಮಾಡುತ್ತದೆಯೇ? ಆರನೆಯ ಹಂತದ ಪರೀಕ್ಷೆಯ ಫಲಿತಾಂಶವೇನು? ಖಾತರಿ ಅವಧಿ ಉಳಿದಿದೆಯೇ? ಡಾಂಗಲ್ ಯಾರ ವಶದಲ್ಲಿದೆ?

ಈ) ಯಂತ್ರ ಪೂರ್ಣ ನಿಂತ ದಿನವೂ ಅರ್ಜಿದಾರರನ್ನು ಬರಿಗೈಯಲ್ಲಿ ಕಳುಹಿಸದೆ, ಕಾಗದದ ಮೇಲೆ ಅರ್ಜಿ ಪಡೆದು, ದಿನಾಂಕ ಹಾಗೂ ಮೊಹರಿನೊಂದಿಗೆ ಸ್ವೀಕೃತಿ ನೀಡಿ, ಯಂತ್ರ ಸರಿಹೋದ ಕೂಡಲೇ ಅದೇ ಅನುಕ್ರಮದಲ್ಲಿ ನಮೂದಿಸುವ ಪದ್ಧತಿಯನ್ನು ನಿರ್ಣಯದ ಮೂಲಕ ಜಾರಿಗೆ ತರುವುದು.

ಈ ಪಾಠದ ನಾಲ್ಕನೆಯ ಭಾಗದ ಎಂಟು ಹಂತಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿ ಗಣಕಯಂತ್ರದ ಮೇಜಿನ ಮೇಲಿನ ಗೋಡೆಗೆ ಅಂಟಿಸುವುದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೇಲಿನ ನಾಲ್ಕು ಅಂಶಗಳನ್ನು ಸೇರಿಸಿ ಚರ್ಚಿಸುವಂತೆ ಕೋರಲಾಗಿದೆ.